ಮಿಸ್ ಹೊಡೆಯುವ ಮಿಯಾಟಾ: ಪಾರ್ಟ್ ಕೊಳ್ಳುವ ಮೊದಲು ಕಾಯಿಲೆ ಹುಡುಕುವುದು ಹೇಗೆ

ತಿಪಟೂರಿನಲ್ಲಿ ಅಪ್ಪನದು ಸ್ಕೂಟರ್, ಬೈಕ್ ರಿಪೇರಿ ಅಂಗಡಿ. ಸ್ಕೂಲಿನಿಂದ ಬಂದವಳು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಬೀದಿ ಕೊನೆಯಲ್ಲಿ ಯೆಜ್ಡಿ ಬರುತ್ತಿದ್ದ ಸದ್ದಿಗೇ ಅಪ್ಪ ತಲೆ ಎತ್ತದೆ "ಪ್ಲಗ್ಗು" ಅನ್ನುತ್ತಿದ್ದರು. ಬಂದವರು ಗಾಡಿ ನಿಲ್ಲಿಸಿ "ಯಾಕೋ ಮಿಸ್ ಹೊಡೀತಿದೆ ಸ್ವಾಮಿ" ಅಂದರೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ. "ಯಾವಾಗ ಹೊಡಿಯುತ್ತೆ?"

ಈಗ ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನಲ್ಲಿ. ನನ್ನ ಹತ್ತಿರ 2000ನೇ ಇಸವಿಯ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟು, ಮಡಚುವ ಟಾಪ್, ಮುಂದೆ 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಓಡಿಸುವುದು ಹಿಂದಿನ ಚಕ್ರ. ಎರಡು ವರ್ಷದ ಹಿಂದೆ ಅದು ಮಿಸ್ ಹೊಡೆಯಲು ಶುರು ಮಾಡಿತು, ಅಂದರೆ ಒಂದು ಸಿಲಿಂಡರಿನಲ್ಲಿ ಆಗಾಗ ಪೆಟ್ರೋಲ್ ಉರಿಯದೆ ಎಂಜಿನ್ ಎಡವತೊಡಗಿತು. ಆ ಕಾಯಿಲೆ ಹಿಡಿಯಲು ಐದು ವಾರ ಬೇಕಾಯಿತು. ಸರಿಯಾದ ಕ್ರಮದಲ್ಲಿ ಹೋಗಿದ್ದರೆ ಎರಡು ದಿನದ ಕೆಲಸ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಿಯಾಟಾ ಇಲ್ಲದವರಿಗೂ ಮುಕ್ಕಾಲು ಭಾಗ ಹೊಂದುತ್ತದೆ.

ಅಕ್ಟೋಬರ್ ತಿಂಗಳು, ಎಲೆ ಬಣ್ಣ ತಿರುಗುವ ಕಾಲ. ಬ್ಲೂ ರಿಜ್ ಪಾರ್ಕ್‌ವೇ ಮೇಲೆ ಮೌಂಟ್ ಮಿಚೆಲ್ ಕಡೆ ಹತ್ತುತ್ತಿದ್ದೆ. 2,037 ಮೀಟರ್ ಎತ್ತರದ ಬೆಟ್ಟ, ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರಿನಷ್ಟು ಜಾಸ್ತಿ. ಮಂಜು, ಸಣ್ಣ ಜಿಟಿಜಿಟಿ ಮಳೆ, ಥೇಟ್ ಆಗುಂಬೆ ಘಾಟಿಯ ಹಾಗೆ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದೆ ಹೋಗುವ ಬದಲು ಜರ್ಕ್ ಹೊಡೆಯಿತು. ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದು ಬಿಟ್ಟ ಹಾಗೆ. ಎಂಜಿನ್ ಲೈಟು ಮಿಣಮಿಣ ಮಿನುಗಲು ಶುರುವಾಯಿತು.

ಮಿನುಗುವ ಲೈಟಿಗೆ ಮರ್ಯಾದೆ ಕೊಡಿ

ಎಂಜಿನ್ ಲೈಟು ಸುಮ್ನೆ ಉರಿಯುತ್ತಿದ್ದರೆ ಮನೆಗೆ ಹೋಗಿ ನೋಡಬಹುದು. ಮಿನುಗುತ್ತಿದ್ದರೆ ಅಲ್ಲೇ ಕಾಲು ಸಡಿಲಿಸಿ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಸಿಯಾಗಿ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ ಅರ್ಥ. ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಆ ಪೆಟ್ರೋಲ್ ಅದರೊಳಗೆ ಹೋಗಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕಾದು ಕರಗಿಯೇ ಹೋಗಬಹುದು. ಇಪ್ಪತ್ತು ಡಾಲರಿನ ವೈರು ಬದಲಿಸುವ ಕೆಲಸ ಸಾವಿರ ಡಾಲರಿಗೆ ಹೋಗುವುದು ಹೀಗೆ. ನಾನು ಮೂರನೇ ಗೇರಿಗೆ ಇಳಿಸಿ, ಆಕ್ಸಿಲರೇಟರ್ ಹಗುರವಾಗಿ ಮುಟ್ಟಿಕೊಂಡು, ಮೊದಲು ಸಿಕ್ಕ ಜಾಗದಲ್ಲಿ ನಿಲ್ಲಿಸಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಹಾಲು ಕುಡಿದ ಮಗುವಿನ ಹಾಗೆ ಶಾಂತವಾಗಿತ್ತು. ಮಾರನೇ ದಿನ ಬಿಸಿಲು ಬಂತು, ಜರ್ಕ್ ಮಾಯ.

ಆಗಲೇ ಅಪ್ಪನ ಪ್ರಶ್ನೆ ನೆನಪಾಗಬೇಕಿತ್ತು. ಆಗಲಿಲ್ಲ. ಊರಿಗೆ ಬಂದವಳು ಗಾಡಿಯನ್ನು ಒಂದು ವರ್ಕ್‌ಶಾಪಿಗೆ ಬಿಟ್ಟೆ. ಅವರು ಸ್ಕ್ಯಾನರ್ ಹಾಕಿ, ಮೂರನೇ ಸಿಲಿಂಡರ್ ಮಿಸ್ ಅಂತ ಕೋಡ್ ಓದಿ, ಕಾಯಿಲ್ (ಪ್ಲಗ್ಗಿನ ಕಿಡಿಗೆ ಬೇಕಾದ ಭಾರೀ ವೋಲ್ಟೇಜ್ ಕೊಡುವ ಪಾರ್ಟ್) ಬದಲಿಸಿದರು. ನಾನೂರು ಡಾಲರ್ ಹತ್ತಿರ ಬಿಲ್ಲಾಯಿತು. ಹನ್ನೆರಡು ದಿನ ಚೆನ್ನಾಗಿತ್ತು. ಹದಿಮೂರನೇ ದಿನ ಮಳೆ ಬಂತು.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು ಅವರು ಅಂದರು. "ಅವರು ಏನು ಬದಲಿಸಿದರು ಅಂತ ಹೇಳಿದೆ. ಯಾವಾಗ ಮಿಸ್ ಹೊಡಿಯುತ್ತೆ ಅಂತ ಇನ್ನೂ ಹೇಳಲಿಲ್ಲವಲ್ಲ ಮಗಾ."

ಯಾವಾಗ ಅನ್ನುವುದರಲ್ಲೇ ಅರ್ಧ ಉತ್ತರ

ಒಂದು ಚೀಟಿ ತೆಗೆದುಕೊಂಡು ಬರೆಯಿರಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಐಡ್ಲಿಂಗ್‌ನಲ್ಲೋ ಏರು ಹತ್ತುವಾಗಲೋ? ಒಣ ಹವೆಯಲ್ಲೋ ತೇವದಲ್ಲೋ? ಟ್ಯಾಂಕ್ ತುಂಬಿದ ಮೇಲೋ, ತಳ ಮುಟ್ಟಿದಾಗಲೋ? ಗಾಡಿಗೆ ಕೊನೆಯ ಸಲ ಏನು ಕೆಲಸ ಮಾಡಿಸಿದ್ದಿರಿ? ಈ ಕೊನೆಯ ಪ್ರಶ್ನೆ ಬಿಡಬೇಡಿ. ಏರ್ ಫಿಲ್ಟರ್ ಬದಲಿಸಿದ ಮಾರನೇ ದಿನ ಮಿಸ್ ಶುರುವಾದರೆ ಮೊದಲು ನೋಡಬೇಕಾದದ್ದು ಏರ್ ಫಿಲ್ಟರಿನ ಪೈಪ್ ಸರಿಯಾಗಿ ಕೂತಿದೆಯಾ ಅಂತ.

ನನ್ನ ಚೀಟಿಯಲ್ಲಿ ಬಂದದ್ದು ಎರಡೇ ಮಾತು. ಲೋಡ್ ಬಿದ್ದಾಗ. ತೇವ ಇದ್ದಾಗ.

ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಮಾತ್ರ ಮಿಸ್ ಆದರೆ ಮೊದಲು ಕಿಡಿಯ ಕಡೆ ಅನುಮಾನ ಪಡಬೇಕು. ಕಾರಣ ಸರಳ. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿಗೆ ಗಾಳಿ ಜಾಸ್ತಿ ಹೋಗುತ್ತದೆ. ಪಿಸ್ಟನ್ ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಬಿಗಿಯಾದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಅದಕ್ಕೆ ಜಾಸ್ತಿ ವೋಲ್ಟೇಜ್ ಬೇಕು. ವೋಲ್ಟೇಜ್ ಏರಿದ ಹಾಗೆ ಕರೆಂಟು ಇನ್ನೂ ಸುಲಭದ ದಾರಿ ಇದೆಯಾ ಅಂತ ಹುಡುಕುತ್ತದೆ. ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ವೈರಿನ ರಬ್ಬರಿನಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೆ ಸಾಕು, ಪ್ಲಗ್ ಬಿಟ್ಟು ಅಲ್ಲಿಂದ ಎಂಜಿನ್ ಮೈಗೆ ಹಾರುತ್ತದೆ. ತೇವ ಇದ್ದರೆ ಆ ದಾರಿ ಇನ್ನೂ ಸಲೀಸು. ಇಷ್ಟು ಅರ್ಥವಾದರೆ ಗ್ಯಾರೇಜಿನಲ್ಲಿ ಒಣಗಿ ನಿಂತ ಗಾಡಿ ಯಾಕೆ ಸುಳ್ಳು ಹೇಳುತ್ತದೆ ಅಂತಲೂ ಅರ್ಥವಾಗುತ್ತದೆ.

ಸ್ಕ್ಯಾನರ್ ಹೇಳುವುದು, ಹೇಳದೇ ಇರುವುದು

ಅಮೆರಿಕದಲ್ಲಿ 1996ರಿಂದ ಈಚಿನ ಕಾರುಗಳಿಗೆಲ್ಲ ಸ್ಟೀರಿಂಗ್ ಕೆಳಗೆ ಓಬಿಡಿ-2 ಸಾಕೆಟ್ ಇರುತ್ತದೆ, ಗಾಡಿಯ ಕಂಪ್ಯೂಟರ್ ಹಾಕಿದ ಕೋಡ್ ಓದುವುದು ಅಲ್ಲಿಂದಲೇ. ಬ್ಲೂಟೂತ್ ಇರುವ ಸಣ್ಣ ಸ್ಕ್ಯಾನರ್ ಸಾಕು. ಪಿ0300 ಬಂದರೆ ಯಾವ ಸಿಲಿಂಡರ್ ಅಂತ ಹೇಳಲಾಗದ, ಅಲ್ಲಲ್ಲಿ ಬರುವ ಮಿಸ್. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರು. ಮಿಯಾಟಾದಲ್ಲಿ ಒಂದನೇ ಸಿಲಿಂಡರ್ ರೇಡಿಯೇಟರ್ ಪಕ್ಕ, ನಾಲ್ಕನೆಯದು ಡ್ಯಾಶ್‌ಬೋರ್ಡ್ ಕಡೆ.

ಕೋಡನ್ನು ಅಳಿಸುವ ಮೊದಲು ಫ್ರೀಜ್ ಫ್ರೇಮ್ ನೋಡಿ ಬರೆದುಕೊಳ್ಳಿ. ತಪ್ಪು ಆದ ಕ್ಷಣದಲ್ಲಿ ಎಷ್ಟು ಆರ್‌ಪಿಎಂ, ಎಷ್ಟು ಲೋಡ್, ಎಂಜಿನ್ ಎಷ್ಟು ಬಿಸಿ ಅಂತ ಅದು ಫೋಟೋ ಹಿಡಿದ ಹಾಗೆ ಇಟ್ಟಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು.

ಇನ್ನೊಂದು ಮಾತು. ಕಂಪ್ಯೂಟರಿಗೆ ಕಿಡಿ ಕಾಣುವುದಿಲ್ಲ. ಅದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ನೋಡುತ್ತದೆ. ಒಂದು ಸಿಲಿಂಡರ್ ಉರಿಯದಿದ್ದರೆ ಆ ಗಳಿಗೆಯಲ್ಲಿ ಕ್ರ್ಯಾಂಕ್ ತುಸು ಎಡವುತ್ತದೆ. ಆ ಎಡವುವಿಕೆಯನ್ನು ಎಣಿಸಿ ಕೋಡ್ ಹಾಕುತ್ತದೆ. ಆದ್ದರಿಂದ "ಮೂರನೇ ಸಿಲಿಂಡರ್ ಮಿಸ್" ಅಂದರೆ "ಮೂರನೇ ಸಿಲಿಂಡರಿನ ಕಾಯಿಲ್ ಹೋಗಿದೆ" ಅಂತ ಅಲ್ಲವೇ ಅಲ್ಲ. ಸ್ಪೋರ್ಟ್ಸ್ ಕಾರಿನವರು ಹಗುರ ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಹಾಕಿಸುವುದು ಜಾಸ್ತಿ ಅಲ್ವಾ. ಅಂಥ ಗಾಡಿಯಲ್ಲಿ ಕ್ರ್ಯಾಂಕ್ ಮೊದಲೇ ಚಂಚಲ. ಮಿಸ್ ಇಲ್ಲದೆಯೂ ಪಿ0300 ಬರಬಹುದು. ಗಾಡಿ ಜರ್ಕ್ ಹೊಡೆಯದೆ ಬರೀ ಕೋಡ್ ಬಂದರೆ ಇದನ್ನು ನೆನಪಿಡಿ.

ಜೋಡಿ ಲೆಕ್ಕ

ಈ ತಲೆಮಾರಿನ ಮಿಯಾಟಾದಲ್ಲಿ ನಾಲ್ಕು ಸಿಲಿಂಡರಿಗೆ ಕಾಯಿಲ್ ಎರಡೇ. ಎಂಜಿನ್ ಹೆಡ್ಡಿನ ಹಿಂದೆ, ಕೈ ಹೋಗದ ಮೂಲೆಯಲ್ಲಿ ಕೂತಿರುತ್ತವೆ. ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಪ್ಲಗ್ ಒಟ್ಟಿಗೇ ಕಿಡಿ ಹಾರಿಸುತ್ತವೆ. ಒಂದರದು ಕೆಲಸಕ್ಕೆ ಬರುತ್ತದೆ, ಇನ್ನೊಂದರದು ಹೊಗೆ ಹೊರಹೋಗುವ ಹೊತ್ತಿನಲ್ಲಿ ಸುಮ್ನೆ ಹಾರಿ ಮುಗಿಯುತ್ತದೆ. ಪೆಟ್ರೋಲ್ ಉರಿಯುವ ಕ್ರಮ 1-3-4-2.

ಈ ಜೋಡಿಯೇ ನಮಗೆ ಸಿಕ್ಕ ದೊಡ್ಡ ಸುಳಿವು. 1 ಮತ್ತು 4 ಎರಡೂ ಮಿಸ್ ಆದರೆ ಕಾಯಿಲ್ ಅಥವಾ ಅದಕ್ಕೆ ಬರುವ ಕನೆಕ್ಟರ್ ನೋಡಿ. ಒಂದೇ ಸಿಲಿಂಡರ್ ಮಿಸ್ ಆದರೆ ಕಾಯಿಲ್ ಮೇಲಿನ ಅನುಮಾನ ಕಡಿಮೆ ಮಾಡಿ. ನನ್ನ ಗಾಡಿಯಲ್ಲಿ ಮೂರನೆಯದು ಮಾತ್ರ ಮಿಸ್, ಎರಡನೆಯದು ಆರಾಮ. ಕಾಯಿಲ್ ಕೆಟ್ಟಿದ್ದರೆ ಎರಡನೆಯದೂ ನರಳಬೇಕಿತ್ತು. ಇದನ್ನು ಐದು ನಿಮಿಷ ಯೋಚಿಸಿದ್ದರೆ ನನ್ನ ನಾನೂರು ಡಾಲರ್ ಉಳಿಯುತ್ತಿತ್ತು.

ಇದರಲ್ಲೊಂದು ಸೂಕ್ಷ್ಮ ಇದೆ. ವೈರು ಒಳಗೇ ಪೂರ್ತಿ ತುಂಡಾಗಿದ್ದರೆ ಜೋಡಿಯ ಇನ್ನೊಂದು ಪ್ಲಗ್ಗಿಗೂ ತೊಂದರೆ ಆಗಬಹುದು. ಯಾಕೆಂದರೆ ಕರೆಂಟು ಒಂದು ಪ್ಲಗ್ಗಿನಿಂದ ಹೋಗಿ ಇನ್ನೊಂದರಿಂದ ವಾಪಸ್ ಬರುವ ಒಂದೇ ಸುತ್ತು ಅದು. ವೈರು ತುಂಡಾಗದೆ ಮೈಯಿಂದ ಸೋರುತ್ತಿದ್ದರೆ ಸುತ್ತು ಪೂರ್ತಿಯಾಗುತ್ತದೆ, ಜೋಡಿಯ ಗೆಳೆಯನಿಗೆ ಏನೂ ಆಗುವುದಿಲ್ಲ. ಹಾಗಾಗಿ ಒಂಟಿ ಮಿಸ್ ಅಂದರೆ ಸೋರಿಕೆ ಇರುವ ಸಾಧ್ಯತೆ ಜಾಸ್ತಿ.

2 ಮತ್ತು 3 ಒಟ್ಟಿಗೆ ಮಿಸ್ ಆದರೆ ಎಚ್ಚರ. ಅವೆರಡೂ ಒಂದೇ ಕಾಯಿಲಿನ ಮಕ್ಕಳು, ಸರಿ. ಜೊತೆಗೆ ಅಕ್ಕಪಕ್ಕದ ಮನೆಯವರು ಕೂಡ. ಅವೆರಡರ ಮಧ್ಯೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಸೋರದಂತೆ ಮುಚ್ಚುವ ಪದರ) ಸುಟ್ಟಿದ್ದರೂ ಇದೇ ಲಕ್ಷಣ ಬರುತ್ತದೆ. ಕಂಪ್ರೆಶನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟು ಬಿಗಿಯಾಗಿ ಒತ್ತಲ್ಪಡುತ್ತದೆ ಅಂತ ನೋಡದೆ ಕಾಯಿಲ್ ತರಬೇಡಿ.

ಪ್ಲಗ್ ಬಿಚ್ಚಿ ಓದುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಹೆಡ್ಡಿನ ಥ್ರೆಡ್ (ತಿರುಪಿನ ಗೆರೆ) ಕಿತ್ತು ಬರಬಹುದು. ವೈರು ಹಿಡಿದು ಎಳೆಯಬೇಡಿ. ವೈರಿನ ತುದಿಯ ರಬ್ಬರ್ ಕ್ಯಾಪ್ ಹಿಡಿದು ಸ್ವಲ್ಪ ತಿರುಗಿಸಿ ಮೇಲೆತ್ತಿ. ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು, ಆಯಿಲ್, ಮರಳು ಏನಿದ್ದರೂ ಮೊದಲು ಒರೆಸಿ, ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಎಲ್ಲಾ ಸಿಲಿಂಡರಿಗೆ ಬೀಳುತ್ತದೆ.

ನನ್ನ ಮೂರನೇ ಗುಂಡಿಯಲ್ಲಿ ಅರ್ಧ ಬೆರಳಿನಷ್ಟು ಆಯಿಲ್ ನಿಂತಿತ್ತು. ವಾಲ್ವ್ ಕವರ್ ಗ್ಯಾಸ್ಕೆಟ್ ಹಳೆಯದಾಗಿ ಗಟ್ಟಿಯಾದರೆ ಗುಂಡಿಯ ಸುತ್ತಲಿನ ಅಂಚಿನಿಂದ ಆಯಿಲ್ ಜಿನುಗುತ್ತದೆ. ಆಯಿಲ್‌ನಲ್ಲಿ ನೆನೆದ ರಬ್ಬರ್ ಕ್ಯಾಪ್ ಊದಿಕೊಂಡು ಮೆತ್ತಗಾಗುತ್ತದೆ. ಆ ಕ್ಯಾಪ್ ಹಿಸುಕಿದರೆ ನೆನೆದ ರಸ್ಕಿನ ಹಾಗಿತ್ತು. ಉಳಿದ ಮೂರೂ ಗಟ್ಟಿಮುಟ್ಟು.

ಪ್ಲಗ್ಗುಗಳನ್ನು ತೆಗೆದ ಕ್ರಮದಲ್ಲೇ ಒಂದು ಪೇಪರ್ ಮೇಲೆ ಸಾಲಾಗಿ ಇಡಿ. ನಂಬರ್ ಬರೆಯಿರಿ. ತುದಿ ಇಟ್ಟಿಗೆ ಪುಡಿಯ ಬಣ್ಣ ಅಥವಾ ತಿಳಿ ಕಂದು ಇದ್ದರೆ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ. ಹಸಿಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಕಪ್ಪಾಗಿ ಜಿಡ್ಡು ಜಿಡ್ಡಾಗಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ ಸುಣ್ಣ ಬಳಿದ ಹಾಗಿದ್ದರೆ ಪೆಟ್ರೋಲ್ ಸಾಲದು. ಮೂರು ಪ್ಲಗ್ ಕಂದು ಇದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಥಳಥಳ ಹೊಳೆಯುತ್ತಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಅದು ಒಳ್ಳೆಯ ಸುದ್ದಿ ಅಲ್ಲ. ಅಪ್ಪ ಯೆಜ್ಡಿ ಪ್ಲಗ್ಗನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ನಾಲ್ಕು ಸಿಲಿಂಡರ್ ಇದ್ದರೆ ಇನ್ನೊಂದು ಲಾಭ ಇದೆ. ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಆಮೇಲೆ ಬಿಳಿ ಪಿಂಗಾಣಿ ಭಾಗ ನೋಡಿ. ಪೆನ್ಸಿಲ್‌ನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಮೇಲಿಂದ ಕೆಳಗೆ ಇದ್ದರೆ ಕರೆಂಟು ಪ್ಲಗ್ಗಿನ ಹೊರಮೈ ಮೇಲೆ ಹರಿದು ಹೋಗಿದೆ. ಆ ಗೆರೆಗೆ ಎದುರಾಗಿ ಕ್ಯಾಪಿನ ಒಳಗೂ ಅಂಥದೇ ಗೆರೆ ಇರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಕೊನೆಗೆ ಫೀಲರ್ ಗೇಜ್, ಪ್ಲಗ್ ತುದಿಯ ಸಂದು ಅಳೆಯುವ ತೆಳು ಪಟ್ಟಿಗಳು. ಈ ಎಂಜಿನ್ನಿಗೆ ಎನ್‌ಜಿಕೆ ಬಿಕೆಆರ್5ಇ-11 ಹೊಂದುತ್ತದೆ. ಕೊನೆಯ 11 ಅಂದರೆ 1.1 ಮಿಲಿಮೀಟರ್ ಗ್ಯಾಪ್. ನನ್ನವು ಸವೆದು 1.4ಕ್ಕೆ ಬಂದಿದ್ದವು. ಗ್ಯಾಪ್ ಜಾಸ್ತಿಯಾದಷ್ಟೂ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು. ನೆನೆದ ಕ್ಯಾಪಿನ ಮೇಲೆ ಅಷ್ಟು ಒತ್ತಡ ಬಿದ್ದರೆ ಅದು ತಡೆಯುವುದು ಹೇಗೆ?

ಜಾಗ ಬದಲಿಸಿ ನೋಡುವುದು

ಒಂದು ಪಾರ್ಟ್ ಮೇಲೆ ಅನುಮಾನ ಬಂದರೆ ಹೊಸದು ಕೊಳ್ಳಬೇಡಿ. ಇರುವುದನ್ನೇ ಬೇರೆ ಸಿಲಿಂಡರಿಗೆ ಹಾಕಿ. ಕಾಯಿಲೆ ಪಾರ್ಟಿನ ಜೊತೆ ಹೋಯಿತೋ, ಹಳೆಯ ಜಾಗದಲ್ಲೇ ಉಳಿಯಿತೋ ನೋಡಿ. ಇದಕ್ಕೆ ಖರ್ಚಿಲ್ಲ. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಬೇಕು, ಅಷ್ಟೇ ನಿಯಮ.

ನಾನು ಮೊದಲು 3ರ ಪ್ಲಗ್ಗನ್ನು 1ಕ್ಕೆ, 1ರದ್ದನ್ನು 3ಕ್ಕೆ ಹಾಕಿದೆ. ಗುಂಡಿ ಒರೆಸಿದೆ. ಕೋಡ್ ಅಳಿಸಿ ಮಳೆಗಾಗಿ ಕಾದೆ. ಕ್ಯಾರಿಯಲ್ಲಿ ಬೆಟ್ಟ ಇಲ್ಲ. ಆದರೆ ಲೋಡ್ ಹಾಕಲು ಬೆಟ್ಟವೇ ಬೇಕಂತಿಲ್ಲ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, 2,000 ಆರ್‌ಪಿಎಂ ಸುಮಾರಿಗೆ ಬಂದಾಗ ಪೂರ್ತಿ ಆಕ್ಸಿಲರೇಟರ್ ಕೊಡಿ. ಸಿಲಿಂಡರ್ ಒಳಗೆ ಬೆಟ್ಟ ಹತ್ತುವಷ್ಟೇ ಒತ್ತಡ ಬೀಳುತ್ತದೆ. ಎರಡು ಮೂರು ಸೆಕೆಂಡ್ ಸಾಕು. ಸ್ಕ್ಯಾನರ್ ನೋಡುವ ಕೆಲಸ ಪಕ್ಕದ ಸೀಟಿನವರದು, ಓಡಿಸುವವರದಲ್ಲ. ಗೆಳತಿಯೊಬ್ಬಳು ಬಂದು ಕೂತಳು. ಜರ್ಕ್ ಬಂತು, ಮತ್ತೆ ಪಿ0303. ಅಂದರೆ ಪ್ಲಗ್ ಕಾರಣವಲ್ಲ.

ಮುಂದೆ ವೈರು. ಮೊದಲು ಮೀಟರ್ ಹಿಡಿದೆ. ಉದ್ದ ಜಾಸ್ತಿ ಇದ್ದ ವೈರಿಗೆ ಓಮ್ ಜಾಸ್ತಿ ಬರಬೇಕು, ಹಾಗೇ ಬಂತು. ಮೂರನೇ ವೈರು ಮೀಟರಿನಲ್ಲಿ ಪಾಸು. ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಮೀಟರ್ ನೋಡುವುದು ಒಳಗಿನ ಎಳೆಯನ್ನು, ಅದೂ ತನ್ನ ಸಣ್ಣ ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ. ಗಾಡಿ ಓಡುವಾಗ ಆ ವೈರಿನಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟ್. ಹೊರಗಿನ ರಬ್ಬರ್ ಅದನ್ನು ತಡೆಯುತ್ತದಾ ಇಲ್ಲವಾ ಅಂತ ಮೀಟರಿಗೆ ಗೊತ್ತಾಗುವುದೇ ಇಲ್ಲ. ಮೀಟರ್ ಫೇಲ್ ಅಂದರೆ ವೈರು ಖಂಡಿತ ಫೇಲ್. ಮೀಟರ್ ಪಾಸ್ ಅಂದರೆ ವೈರು ಪಾಸ್ ಅಂತ ಅಲ್ಲ.

ಹಾಗಾಗಿ ವೈರಿನ ಜಾಗವನ್ನೂ ಬದಲಿಸಿದೆ. 2 ಮತ್ತು 3ರ ಪ್ಲಗ್ ತುದಿಗಳನ್ನು ಅದಲುಬದಲು ಮಾಡಿದೆ. ಎರಡೂ ಒಂದೇ ಕಾಯಿಲಿನಿಂದ ಒಂದೇ ಹೊತ್ತಿಗೆ ಕಿಡಿ ಪಡೆಯುವುದರಿಂದ ಎಂಜಿನ್ನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. 3ರ ವೈರು ಗಿಡ್ಡ, 2ಕ್ಕೆ ಎಳೆದರೆ ಮುಟ್ಟುತ್ತದೆ ಅಷ್ಟೇ, ಪರೀಕ್ಷೆ ಮುಗಿದ ಕೂಡಲೇ ವಾಪಸ್ ಹಾಕಿ. ಆದರೆ 1-4ರ ಜೋಡಿಯನ್ನು 2-3ರ ಜೋಡಿಯ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ. ಹೊತ್ತಲ್ಲದ ಹೊತ್ತಿಗೆ ಕಿಡಿ ಬಂದು ಇನ್‌ಟೇಕ್ ಕಡೆಗೆ ಬ್ಯಾಕ್‌ಫೈರ್ ಹೊಡೆಯುತ್ತದೆ.

ಮತ್ತೆ ಮಳೆ ಬಂತು. ಅದೇ ರಸ್ತೆ, ಅದೇ ಗೇರ್. ಜರ್ಕ್ ಬಂತು. ಗೆಳತಿ ಸ್ಕ್ಯಾನರ್ ನೋಡಿ "ಈಗ ಎರಡು ಅಂತಿದೆ" ಅಂದಳು. ಪಿ0302. ಆ ಕ್ಷಣದ ಖುಷಿ ಬರೆದು ತಿಳಿಸುವುದು ಕಷ್ಟ. ಕಾಯಿಲೆ ವೈರಿನ ಬೆನ್ನು ಹತ್ತಿ ಹೋಗಿತ್ತು. ಕಾಯಿಲ್ ಅಲ್ಲ, ಇಂಜೆಕ್ಟರ್ ಅಲ್ಲ, ವಾಲ್ವ್ ಅಲ್ಲ. ಒಂದು ಅದಲುಬದಲಿನಲ್ಲಿ ಅಷ್ಟೂ ಅನುಮಾನ ಹೋಯಿತು.

ಪ್ರತಿ ಪ್ಲಗ್ಗಿನ ತಲೆ ಮೇಲೆ ಒಂದೊಂದು ಕಾಯಿಲ್ ಇರುವ ಹೊಸ ಕಾರುಗಳಲ್ಲಿ ಇದು ಇನ್ನೂ ಸುಲಭ. ಅಂಥ ಕಾರು ಇಟ್ಟುಕೊಂಡ ಬೆಂಗಳೂರಿನವರೂ ಮನೆ ಮುಂದೆ ಮಾಡಬಹುದು. 3ರ ಕಾಯಿಲನ್ನು 1ಕ್ಕೆ ಹಾಕಿ, ಕೋಡ್ ಪಿ0301 ಆಯಿತಾ ನೋಡಿ. ಕನೆಕ್ಟರಿನ ಪ್ಲಾಸ್ಟಿಕ್ ಬಿಸಿಗೆ ಕಡಕ್ ಆಗಿರುತ್ತದೆ, ಲಾಕ್ ನಿಧಾನವಾಗಿ ಒತ್ತಿ.

ಕತ್ತಲಲ್ಲಿ ಕಣ್ಣಿಂದ ನೋಡುವುದು

ಮಳೆಗಾಗಿ ಕಾಯಲಾಗದವರಿಗೆ ಹಳೆಯ ಉಪಾಯ ಇದೆ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು. ರಾತ್ರಿ ಲೈಟ್ ಆರಿಸಿ. ಗ್ಯಾರೇಜಿನ ಬಾಗಿಲು ಪೂರ್ತಿ ತೆಗೆದಿರಲಿ, ಆದರೆ ಗಾಡಿ ಹೊರಗಿದ್ದರೆ ಇನ್ನೂ ಒಳ್ಳೆಯದು. ಹೊಗೆ ಪ್ರಾಣ ತೆಗೆಯುತ್ತದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಬಾನೆಟ್ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ. ವೈರು ಮತ್ತು ಕ್ಯಾಪ್‌ಗಳ ಮೇಲೆ ಮಾತ್ರ ಇಬ್ಬನಿಯಷ್ಟು ನೀರು ಬಿಡಿ. ಬೆಲ್ಟ್, ಫ್ಯಾನ್, ಆಲ್ಟರ್ನೇಟರ್ ಕಡೆ ಬೇಡ. ಇನ್ನೊಬ್ಬರು 2,500 ಆರ್‌ಪಿಎಂ ಹಿಡಿಯಲಿ. ಸೋರಿಕೆ ಇದ್ದರೆ ನೀಲಿ ನೂಲಿನಂಥ ಕಿಡಿ ಕಾಣುತ್ತದೆ, ಟಿಕ್ ಟಿಕ್ ಸದ್ದು ಕೇಳುತ್ತದೆ. ನನಗೆ ಮೂರನೇ ಗುಂಡಿಯ ಬಾಯಲ್ಲಿ ಕಂಡಿತು. ಕ್ಯಾಪ್ ಹೊರತೆಗೆದು ಬೆಳಕಿನಲ್ಲಿ ನೋಡಿದರೆ ಬೂದು ಬಣ್ಣದ ಒಂದೇ ಒಂದು ಚುಕ್ಕೆ.

ಕೈ ಹಾಕಬೇಡಿ. ಉಂಗುರ, ಬಳೆ, ಚೈನು ತೆಗೆದಿಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ನಿಲ್ಲಲೇಬಾರದು. ಊರಲ್ಲಿ ಮೆಕ್ಯಾನಿಕ್‌ಗಳು ಓಡುತ್ತಿರುವ ಅಂಬಾಸಿಡರಿನ ಪ್ಲಗ್ ವೈರನ್ನು ಬಟ್ಟೆ ಸುತ್ತಿ ಒಂದೊಂದಾಗಿ ಕಿತ್ತು, ಯಾವುದು ಕಿತ್ತಾಗ ಸದ್ದು ಬದಲಾಗಲಿಲ್ಲ ಅಂತ ನೋಡುತ್ತಿದ್ದರು. ಆ ಕೆಲಸ ಇಲ್ಲಿ ಮಾಡಬೇಡಿ. ಹೋಗಲು ದಾರಿಯಿಲ್ಲದ ಕರೆಂಟು ಕಾಯಿಲನ್ನೇ ಸುಡಬಹುದು, ನಿಮಗೂ ಹೊಡೆಯಬಹುದು. ಅದೇ ಪರೀಕ್ಷೆಯನ್ನು ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ ಮಾಡಿ. ಕಿಡಿ ಇರುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ಕನ್ವರ್ಟರಿಗೂ ಕ್ಷೇಮ. ಕನೆಕ್ಟರ್ ಬಿಚ್ಚಿದರೂ ಎಂಜಿನ್ ಸದ್ದು ಬದಲಾಗದ ಸಿಲಿಂಡರೇ ಸತ್ತ ಸಿಲಿಂಡರ್.

ಕಿಡಿ ಸರಿಯಿದ್ದರೆ ಮುಂದೇನು

ಗಾಳಿ ಸೋರಿಕೆ ನೋಡಿ. ಐಡ್ಲಿಂಗ್‌ನಲ್ಲಿ ಮಿಸ್, ಆರ್‌ಪಿಎಂ ಏರಿದರೆ ಸರಿ ಅನ್ನುವುದು ಅದರ ಗುರುತು. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ, ಕಂಪ್ಯೂಟರ್ ತಾನಾಗಿ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಅದು ಶೇಕಡ 10ಕ್ಕಿಂತ ಮೇಲೆ ಹೋಗಿ, 2,500 ಆರ್‌ಪಿಎಂನಲ್ಲಿ ಕೆಳಗೆ ಬಂದರೆ ಅಳತೆಗೆ ಸಿಗದ ಗಾಳಿ ಎಲ್ಲೋ ಒಳಗೆ ನುಗ್ಗುತ್ತಿದೆ. ಇಪ್ಪತ್ತು ವರ್ಷ ದಾಟಿದ ಮಿಯಾಟಾದಲ್ಲಿ ಪಿಸಿವಿ ಪೈಪು (ಎಂಜಿನ್ ಒಳಗಿನ ಹಬೆಯನ್ನು ಇನ್‌ಟೇಕಿಗೆ ಒಯ್ಯುವುದು), ಬ್ರೇಕ್ ಬೂಸ್ಟರ್ ಪೈಪು, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೂರನ್ನೂ ಮುಟ್ಟಿ ನೋಡಿ. ಟ್ರಿಮ್ ಲೋಡಿನ ಜೊತೆ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪ್, ಇಲ್ಲವೇ ಗಾಳಿ ಅಳೆಯುವ ಸೆನ್ಸರ್.

ಇಂಜೆಕ್ಟರಿಗೆ ಉದ್ದದ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳಿ. ನಾಲ್ಕೂ ಒಂದೇ ಥರ ಟಕಟಕ ಅನ್ನಬೇಕು. ಕನೆಕ್ಟರ್ ಬಿಚ್ಚಿ ಅಳೆದರೆ 12ರಿಂದ 16 ಓಮ್ ಒಳಗೆ ಬಂದು, ನಾಲ್ಕೂ ಹತ್ತಿರ ಹತ್ತಿರ ಇರಬೇಕು.

ಕಿಡಿ, ಗಾಳಿ, ಪೆಟ್ರೋಲ್ ಮೂರೂ ಸರಿಯಿದ್ದು ಒಂದೇ ಸಿಲಿಂಡರ್ ಸದಾ ಮಿಸ್ ಆಗುತ್ತಿದ್ದರೆ ಕಂಪ್ರೆಶನ್ ನೋಡಲೇಬೇಕು. ಇಲ್ಲಿ ಪಾರ್ಟ್ಸ್ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟರೆ ಗೇಜ್ ಕೊಡುತ್ತಾರೆ. ಎಂಜಿನ್ ಬೆಚ್ಚಗಿರಲಿ. ಪೆಟ್ರೋಲ್ ಮತ್ತು ಕಾಯಿಲ್ ಎರಡನ್ನೂ ಡಿಸ್‌ಕನೆಕ್ಟ್ ಮಾಡಿ. ನಾಲ್ಕೂ ಪ್ಲಗ್ ತೆಗೆಯಿರಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಆರು ಸಲ ತಿರುಗುವಷ್ಟು ಸ್ಟಾರ್ಟರ್ ಹೊಡೆಯಿರಿ. ನನ್ನದರಲ್ಲಿ 175, 172, 174, 170 ಪಿಎಸ್ಐ ಬಂತು. ನಾಲ್ಕರ ಮಧ್ಯೆ ಶೇಕಡ 10ರಷ್ಟು ವ್ಯತ್ಯಾಸ ಇದ್ದರೆ ಚಿಂತೆ ಬೇಡ. ಒಂದು ತೀರಾ ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. 1999ರಿಂದ ಈಚಿನ ಈ ಎಂಜಿನ್ನಿನಲ್ಲಿ ವಾಲ್ವ್ ಒತ್ತುವ ಟ್ಯಾಪೆಟ್ ತಾನಾಗಿ ಸರಿಹೊಂದುವ ಹೈಡ್ರಾಲಿಕ್ ಥರದ್ದಲ್ಲ. ಎಕ್ಸಾಸ್ಟ್ ವಾಲ್ವಿನ ಕ್ಲಿಯರೆನ್ಸ್ (ಸಂದು) ಬಿಗಿಯಾಗುತ್ತಾ ಬಂದು ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗಬಹುದು. ಟೈಮಿಂಗ್ ಬೆಲ್ಟ್ ಹಲ್ಲು ಹಾರಿದ್ದರೆ ನಾಲ್ಕೂ ಸಿಲಿಂಡರಿನಲ್ಲಿ ಕಡಿಮೆ ಬರುತ್ತದೆ.

ಸರಿಪಡಿಸಿದ್ದು

ನಾಲ್ಕು ವೈರಿನ ಸೆಟ್, ನಾಲ್ಕು ಪ್ಲಗ್, ವಾಲ್ವ್ ಕವರ್ ಗ್ಯಾಸ್ಕೆಟ್. ಗ್ಯಾಸ್ಕೆಟ್ ಬಿಟ್ಟು ವೈರು ಮಾತ್ರ ಹಾಕಿದ್ದರೆ ಹೊಸ ಕ್ಯಾಪ್ ಕೂಡ ಆಯಿಲಿನಲ್ಲಿ ನೆನೆದು ಮುಂದಿನ ವರ್ಷ ಅದೇ ಕಥೆ. ಕವರ್ ಕೂರಿಸುವಾಗ ಕ್ಯಾಮ್ ಮುಂದಿನ ಮೂಲೆಗಳಿಗೆ ಬಟಾಣಿಯಷ್ಟು ಸೀಲೆಂಟ್ ಹಾಕಿ. ಬೋಲ್ಟುಗಳನ್ನು ಮಧ್ಯದಿಂದ ಹೊರಗೆ, ಎರಡು ಮೂರು ಸುತ್ತಿನಲ್ಲಿ, ಹಗುರವಾಗಿ ಬಿಗಿ ಮಾಡಿ.

ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ವಾಷರ್ ಹೆಡ್ಡಿಗೆ ತಾಗಿದ ಮೇಲೆ ಪಾನಾದಿಂದ ಅರ್ಧ ಸುತ್ತು. ಕ್ಯಾಪಿನ ಒಳಬಾಯಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯಲು ಬಿಡದ ಗ್ರೀಸ್) ತೆಳ್ಳಗೆ ಸವರಿ. ಒತ್ತಿದಾಗ ಟಕ್ ಅಂತ ಕೂತ ಸದ್ದು ಕೇಳಬೇಕು. ವೈರುಗಳು ಒಂದಕ್ಕೊಂದು ಉಜ್ಜದ ಹಾಗೆ ಅವುಗಳ ಕ್ಲಿಪ್ಪಿಗೇ ಸಿಕ್ಕಿಸಿ.

ಆಮೇಲೆ ನೀರಿನ ಬಾಟಲಿ ಹಿಡಿದು ಕತ್ತಲಲ್ಲಿ ಮತ್ತೆ ನೋಡಿದೆ. ಕಿಡಿ ಇಲ್ಲ. ಕೋಡ್ ಅಳಿಸಿ ಮಳೆಯಲ್ಲಿ ಅದೇ ರಸ್ತೆಗೆ ಹೋದೆ. ನಾಲ್ಕನೇ ಗೇರ್, 2,000, ಪೂರ್ತಿ ಆಕ್ಸಿಲರೇಟರ್. ಗಾಡಿ ಒಂದೇ ಎಳೆತದಲ್ಲಿ ಮುಂದೆ ಹೋಯಿತು. ಐನೂರು ಮೈಲಿ ಆದ ಮೇಲೆ ಗುಂಡಿಗಳಲ್ಲಿ ಆಯಿಲ್ ಇದೆಯಾ ಅಂತ ಒಮ್ಮೆ ನೋಡಿದೆ, ಒಣಗಿತ್ತು. ಮೂರನೇ ಪ್ಲಗ್ಗನ್ನೂ ತೆಗೆದು ನೋಡಿದೆ.

ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಅದನ್ನೇ. "ಮೂರನೇದು ಈಗ ಯಾವ ಬಣ್ಣ?"

"ಇಟ್ಟಿಗೆ ಪುಡಿ" ಅಂದೆ.